ಸಣ್ಣ ಜೂ ಸರಿಯೋ, ರಕ್ಷಣಾ ಕೇಂದ್ರವೋ? ಪ್ರಾಣಿಪಾಲಕರಿಗೆ ಕೈಜೋಡಿಸಲು ಹೊರಟವರಿಗೆ

"ಪ್ರಾಣಿ ಅಂದ್ರೆ ನಂಗೆ ಜೀವ. ಭಾನುವಾರ ಬಿಡುವಿರುತ್ತೆ. ಮೃಗಾಲಯದಲ್ಲಿ ಏನಾದರೂ ಸೇವೆ ಮಾಡಬಹುದಾ?" ತಿಂಗಳಿಗೆ ಒಬ್ಬರಾದರೂ ನನ್ನನ್ನು ಹೀಗೆ ಕೇಳುತ್ತಾರೆ. ಖಂಡಿತ ಮಾಡಬಹುದು. ಆದರೆ ಎಲ್ಲಿ ಮಾಡುತ್ತೀರಿ ಅನ್ನೋದನ್ನು ಮೊದಲು ಯೋಚಿಸಬೇಕು.

ನಾನು ಒಂದು ಸಣ್ಣ ಮೃಗಾಲಯದಲ್ಲಿ ಹದಿನಾಲ್ಕು ತಿಂಗಳು ಪ್ರಾಣಿಪಾಲಕರ ಜೊತೆ ಕೆಲಸ ಮಾಡಿದ್ದೇನೆ. ಆಮೇಲೆ ಒಂದು ವನ್ಯಜೀವಿ ರಕ್ಷಣಾ ಕೇಂದ್ರದಲ್ಲಿ ಒಂದು ಬೇಸಿಗೆ ಪೂರ್ತಿ ಇದ್ದೆ. ನಡುವೆ ಕೆಲವು ವಾರ ಬೀದಿನಾಯಿಗಳ ಆಶ್ರಯಧಾಮಕ್ಕೂ ಹೋಗುತ್ತಿದ್ದೆ. ಮೂರೂ ಕಡೆ ಗುಡಿಸಿದ್ದೇನೆ, ತೊಳೆದಿದ್ದೇನೆ, ಬಕೆಟ್ ಹೊತ್ತಿದ್ದೇನೆ. ದೂರದಿಂದ ನೋಡಿದರೆ ಮೂರೂ ಒಂದೇ ಕೆಲಸ ಅನಿಸುತ್ತದೆ. ಒಳಗೆ ಹೋದ ಮೇಲೆ ಗೊತ್ತಾಗುತ್ತದೆ, ಒಂದು ಕಡೆ ಒಳ್ಳೆಯದು ಅನ್ನೋ ನಡತೆ ಇನ್ನೊಂದು ಕಡೆ ತಪ್ಪು.

ಮೃಗಾಲಯದ ಪ್ರಾಣಿ ಸಾಯುವವರೆಗೂ ಮನುಷ್ಯರ ನಡುವೆಯೇ ಬದುಕಬೇಕು. ಅದಕ್ಕೆ ನಿಮ್ಮ ಹೆಜ್ಜೆ ಸದ್ದು, ನಿಮ್ಮ ದನಿ ಪರಿಚಯ ಆಗಬೇಕು. ನಿಮ್ಮನ್ನು ಕಂಡು ಅದು ಬೆದರಬಾರದು. ರಕ್ಷಣಾ ಕೇಂದ್ರಕ್ಕೆ ಬಂದ ಪ್ರಾಣಿ ಗುಣವಾಗಿ ತನ್ನ ಜಾಗಕ್ಕೆ ವಾಪಸ್ ಹೋಗಬೇಕು. ಅದು ನಿಮ್ಮನ್ನು ಕಂಡರೆ ಬೆದರಲೇಬೇಕು. ನಾಯಿ ಆಶ್ರಯಧಾಮದಲ್ಲಿ ಇವೆರಡೂ ಅಲ್ಲ. ಅಲ್ಲಿನ ನಾಯಿಗೆ ಬೇಕಾಗಿರೋದೇ ನಿಮ್ಮ ಕೈ, ನಿಮ್ಮ ಮಡಿಲು. ನಿಮಗೆ ಪ್ರಾಣಿಯಿಂದ ಏನು ಬೇಕು, ಏನು ಸಿಗದಿದ್ದರೂ ನಡೆಯುತ್ತದೆ ಅನ್ನೋದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನದನ್ನು ಓದಿ.

ಸಣ್ಣ ಮೃಗಾಲಯದ ಒಂದು ಬೆಳಗ್ಗೆ

ನಮ್ಮ ರಾಜ್ಯದಲ್ಲಿ ಜೂ ಅಂದ ತಕ್ಷಣ ಮೈಸೂರು, ಬನ್ನೇರುಘಟ್ಟ ನೆನಪಾಗುತ್ತವೆ. ಆದರೆ ಗದಗದ ಬಿಂಕದಕಟ್ಟಿ, ದಾವಣಗೆರೆ ಹತ್ತಿರದ ಆನಗೋಡು, ಚಿತ್ರದುರ್ಗದ ಆಡುಮಲ್ಲೇಶ್ವರ, ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯಂಥ ಕಡೆಗಳಲ್ಲೂ ಮೃಗಾಲಯಗಳಿವೆ. ಇವೆಲ್ಲ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಕೆಳಗೆ ಬರುತ್ತವೆ. ದೇಶದ ಎಲ್ಲ ಮೃಗಾಲಯಗಳ ಮೇಲೆ 1992ರಲ್ಲಿ ಶುರುವಾದ ಕೇಂದ್ರೀಯ ಮೃಗಾಲಯ ಪ್ರಾಧಿಕಾರ ಇದೆ. ಜಾಗ, ಪ್ರಾಣಿಗಳ ಸಂಖ್ಯೆ, ಬರುವ ಜನ ನೋಡಿ ಅದು ದೊಡ್ಡ, ಮಧ್ಯಮ, ಸಣ್ಣ, ಕಿರು ಅಂತ ವಿಂಗಡಿಸುತ್ತದೆ.

ಚಿಕ್ಕ ಜಾಗದಲ್ಲಿ ಪಾಲಕರು ಕಡಿಮೆ, ಕೆಲಸ ಜಾಸ್ತಿ. ನಾನಿದ್ದ ಕಡೆ ಆರು ಜನ ಇದ್ದರು. ನಾನು ಯಾರ ಜೊತೆ ಇದ್ದೆನೋ ಅವರನ್ನು ಎಲ್ಲರೂ ಅಣ್ಣ ಅಂತಲೇ ಕರೆಯುತ್ತಿದ್ದರು. ಬೆಳಗ್ಗೆ ಏಳಕ್ಕೆ ಅವರ ಮೊದಲ ಕೆಲಸ ಎಣಿಕೆ. ಜಿಂಕೆ ಎಷ್ಟು, ನವಿಲು ಎಷ್ಟು, ಎಲ್ಲ ನಿಂತಿವೆಯಾ, ಯಾವುದಾದರೂ ಒಂದೇ ಮೂಲೆಯಲ್ಲಿ ಒಂಟಿಯಾಗಿದೆಯಾ. ಎಣಿಕೆ ಮುಗಿದ ಮೇಲೆ ಕುಕ್ಕರಗಾಲಲ್ಲಿ ಕೂತು ನೆಲ ನೋಡುತ್ತಿದ್ದರು. ಮೊದಲ ದಿನವೇ ನನ್ನನ್ನು ಕರೆದು ಜಿಂಕೆ ಹಿಕ್ಕೆ ತೋರಿಸಿದರು.

"ನೋಡಿ ಮೇಡಂ, ಹಿಂಗೆ ಬಿಡಿ ಬಿಡಿ ಕಾಳಿದ್ದಂಗೆ ಇದ್ರೆ ಸರಿ. ಒಂದಕ್ಕೊಂದು ಅಂಟ್ಕೊಂಡು ಉಂಡೆ ಆಗಿದ್ರೆ ಹೊಟ್ಟೆ ಸರಿ ಇಲ್ಲ ಅಂತ. ಡಾಕ್ಟ್ರಿಗೆ ಹೇಳ್ಬೇಕು. ಅದಕ್ಕೆ ಗುಡಿಸೋಕೆ ಮುಂಚೆ ನೋಡ್ಬೇಕು. ಗುಡಿಸಿದ ಮೇಲೆ ನೋಡೋಕೆ ಏನಿರುತ್ತೆ?"

ಸಣ್ಣ ಜೂನ ದೊಡ್ಡ ಲಾಭ ಇದೇ. ಅನುಭವ ಇರುವವರ ಪಕ್ಕದಲ್ಲೇ ನಿಂತು ಕಲಿಯಬಹುದು. ದೊಡ್ಡ ಕಡೆ ನಿಮಗೂ ಪಾಲಕರಿಗೂ ನಡುವೆ ಮೂರು ನಾಲ್ಕು ಜನ ಅಧಿಕಾರಿಗಳಿರುತ್ತಾರೆ.

ಎಂಟು ಗಂಟೆಯಿಂದ ಅಡುಗೆಮನೆ. ಹೊಸಬರ ಸಮಯ ಜಾಸ್ತಿ ಹೋಗುವುದು ಇಲ್ಲೇ. ಪಪ್ಪಾಯಿ, ಸೌತೆಕಾಯಿ, ಕ್ಯಾರೆಟ್ ಹೆಚ್ಚಬೇಕು. ಮೊಳಕೆ ಬಂದ ಹೆಸರುಕಾಳು ತೊಳೆಯಬೇಕು. ಸುಮ್ನೆ ಹೆಚ್ಚಿದರೆ ಆಗಲ್ಲ. ಗಿಳಿಗೆ ಬೆರಳ ತುದಿಯಷ್ಟು ಚೂರು, ಮಂಗಕ್ಕೆ ದೊಡ್ಡ ತುಂಡು, ಬಾಳೆಹಣ್ಣು ಸಿಪ್ಪೆ ಸಮೇತ. ಸಿಪ್ಪೆ ಸುಲಿಯುವುದು ಮಂಗಕ್ಕೆ ಒಂದು ಕೆಲಸ. ಕೆಲಸ ಇಲ್ಲದ ಮಂಗ ತನ್ನ ಕೂದಲನ್ನೇ ಕಿತ್ತುಕೊಳ್ಳಲು ಶುರುಮಾಡುತ್ತದೆ. ಗೋಡೆ ಮೇಲೆ ಡಾಕ್ಟರ್ ಬರೆದ ಪಟ್ಟಿ ಇರುತ್ತದೆ, ತೂಕ ಮಾಡಿಯೇ ಹಾಕಬೇಕು. ಸಂಜೆ ಉಳಿದದ್ದನ್ನೂ ನೋಡಬೇಕು. ನಿನ್ನೆವರೆಗೆ ತಟ್ಟೆ ಖಾಲಿ ಮಾಡುತ್ತಿದ್ದ ಹಕ್ಕಿ ಇವತ್ತು ಅರ್ಧ ಬಿಟ್ಟಿದ್ದರೆ, ಅದೇ ಕಾಯಿಲೆಯ ಮೊದಲ ಸುದ್ದಿ.

ಇದನ್ನು ಓದುವಾಗ ನಿಮಗೆ ಬೇಸರ ಬಂದಿದ್ದರೆ ಸಣ್ಣ ಜೂ ನಿಮಗಲ್ಲ. ನಾನು ಕಟುವಾಗಿ ಹೇಳುತ್ತಿಲ್ಲ. ಮೂರು ವಾರಕ್ಕೆ ಬಿಟ್ಟು ಹೋದವರನ್ನು ನೋಡಿದ್ದೇನೆ. ಅವರಿಗೆ ಕಲಿಸಲು ಪಾಲಕರು ಕೊಟ್ಟ ಸಮಯ ವಾಪಸ್ ಬರುವುದಿಲ್ಲ.

ಯಾವ ವಿಭಾಗ ಕೇಳಬೇಕು?

ಒಳಗೆ ಸೇರಿಸಿಕೊಂಡರೆ ಎಲ್ಲರೂ ಕೇಳುವುದು ಹುಲಿ, ಚಿರತೆ. ಅದು ಸಿಗುವುದಿಲ್ಲ, ಸಿಗಲೂಬಾರದು. ಅಲ್ಲಿ ಎರಡು ಬಾಗಿಲು, ಎರಡು ಬೀಗ. ಪ್ರಾಣಿ ಒಳಮನೆಗೆ ಹೋಗಿದೆ, ಬಾಗಿಲು ಬಿದ್ದಿದೆ ಅಂತ ಪಾಲಕರು ಕಣ್ಣಾರೆ ನೋಡಿದ ಮೇಲೆ ಅಂಗಳ ತೊಳೆಯಲು ಇಳಿಯುತ್ತಾರೆ. ಹೊರಗಿನವರು ಒಬ್ಬರು ಜಾಸ್ತಿ ಇದ್ದರೆ ಗಮನ ಹಾರುತ್ತದೆ. ಇನ್ನೊಂದು ವಿಷಯ ತಿಳಿದಿರಲಿ. ಮಾಂಸ ತಿನ್ನುವ ದೊಡ್ಡ ಪ್ರಾಣಿಗಳಿಗೆ ವಾರಕ್ಕೆ ಒಂದು ದಿನ ಉಪವಾಸ ಇರುತ್ತದೆ. ಕಾಡಿನಲ್ಲಿ ಅವು ದಿನಾ ತಿನ್ನುವುದಿಲ್ಲ, ಅದಕ್ಕೆ. ಆ ದಿನ ನೋಡಿ "ಅಯ್ಯೋ ಊಟ ಹಾಕಿಲ್ಲ" ಅಂತ ಯಾರಿಗೋ ದೂರು ಬರೆಯಬೇಡಿ.

ಹೊಸಬರಿಗೆ ನನ್ನ ಮೊದಲ ಸಲಹೆ ಹಕ್ಕಿಗಳ ವಿಭಾಗ. ಕೆಲಸ ದಿನಾ ಇರುತ್ತದೆ, ಅಪಾಯ ಕಡಿಮೆ, ನೋಡಲು ಕಲಿಯುವುದು ಬೇಕಾದಷ್ಟು. ಎರಡನೆಯದು ಆಮೆಗಳು. ಕಳ್ಳಸಾಗಣೆಯಲ್ಲಿ ಸಿಕ್ಕಿಬಿದ್ದ ನಕ್ಷತ್ರ ಆಮೆಗಳು ಹಲವು ಕಡೆ ಇವೆ. ಸೊಪ್ಪು ಹೆಚ್ಚುವುದು, ನೀರಿನ ತಟ್ಟೆ ಉಜ್ಜುವುದು, ಚಿಪ್ಪು ಮೆತ್ತಗಾಗಿದೆಯಾ ಅಂತ ಗಮನಿಸುವುದು. ತಾಳ್ಮೆ ಇರುವವರಿಗೆ ಒಳ್ಳೆಯ ಜಾಗ. ಆಮೆ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಬಾಯಿಗೆ ತರಬೇಡಿ, ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಅವುಗಳ ಮೈಮೇಲೆ ಇರಬಹುದು.

ಮಂಗಗಳ ವಿಭಾಗವನ್ನು ನಾನು ಯಾರಿಗೂ ಮೊದಲು ಹೇಳುವುದಿಲ್ಲ. ನಮ್ಮ ನೆಗಡಿ, ನಮ್ಮ ಕ್ಷಯ ಅವಕ್ಕೂ ಹತ್ತುತ್ತವೆ. ಅವು ಕಚ್ಚಿದರೆ ನಮಗೂ ಕಷ್ಟ.

ಜಿಂಕೆ, ಕೃಷ್ಣಮೃಗದ ಅಂಗಳ ನೋಡಲು ಸುಲಭ, ನಿಜಕ್ಕೂ ತುಂಬಾ ಸೂಕ್ಷ್ಮ. ಎರಡನೇ ತಿಂಗಳಲ್ಲಿ ನಾನೊಂದು ತಪ್ಪು ಮಾಡಿದೆ. ನೀರಿನ ತೊಟ್ಟಿ ಉಜ್ಜಿ ಎದ್ದಾಗ ಖಾಲಿ ಕಬ್ಬಿಣದ ಬಕೆಟ್ ಕೈತಪ್ಪಿ ಕಲ್ಲಿನ ಮೇಲೆ ಬಿತ್ತು. ಅಷ್ಟೇ. ಇಡೀ ಹಿಂಡು ಒಟ್ಟಿಗೆ ಎದ್ದು ಆ ಕಡೆಯ ಜಾಲರಿಗೆ ನುಗ್ಗಿತು. ನಾನು ಓಡಿಹೋಗಿ ನೋಡೋಣ ಅಂತ ಹೆಜ್ಜೆ ಎತ್ತಿದೆ. ಅಣ್ಣ ಕೈ ಅಡ್ಡ ಹಿಡಿದರು. "ಅಲ್ಲಾಡ್ಬೇಡಿ. ಕೂತ್ಕೊಳ್ಳಿ." ಇಬ್ಬರೂ ನೆಲಕ್ಕೆ ಕೂತೆವು. ಹತ್ತು ನಿಮಿಷ ಆಗಿರಬೇಕು. ಒಂದು ಹೆಣ್ಣು ತಲೆ ತಗ್ಗಿಸಿ ಮೇಯಲು ಶುರುಮಾಡಿದ ಮೇಲೆ ಅವರು ಉಸಿರು ಬಿಟ್ಟರು. ಇಂಥ ಪ್ರಾಣಿಗಳು ಹೆದರಿ ಓಡಿದಾಗ ಮಾಂಸಖಂಡಗಳೇ ಹಾಳಾಗಿ, ಎರಡು ಮೂರು ದಿನ ಬಿಟ್ಟು ಸಾಯುವುದುಂಟು ಅಂತ ಆಮೇಲೆ ಡಾಕ್ಟರ್ ಹೇಳಿದರು. ನಮ್ಮ ಹಿಂಡಿಗೆ ಏನೂ ಆಗಲಿಲ್ಲ. ಆ ಮೂರು ದಿನ ಬೆಳಗ್ಗೆ ಎಣಿಕೆ ಮುಗಿಯುವವರೆಗೆ ನನಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ರಕ್ಷಣಾ ಕೇಂದ್ರ

ಬೆಂಗಳೂರಿನ ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ನಡೆಸುವ ವನ್ಯಜೀವಿ ಆಸ್ಪತ್ರೆ ಇದೆ. ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕುಯ್ದುಕೊಂಡ ಹದ್ದು, ಮರ ಕಡಿದಾಗ ಬಿದ್ದ ಅಳಿಲು ಮರಿ, ಕಾರಿಗೆ ಸಿಕ್ಕ ಹಾವು ಇಂಥ ಕೇಂದ್ರಗಳಿಗೆ ಬರುತ್ತವೆ. ಮೈಸೂರು ಜೂನವರದ್ದೇ ಕೂರ್ಗಳ್ಳಿಯಲ್ಲಿ ಒಂದು ಪುನರ್ವಸತಿ ಕೇಂದ್ರ ಇದೆ. ಅದು ಬೇರೆ ಥರ. ಅಲ್ಲಿ ಆನೆ, ಹುಲಿ, ಚಿರತೆಗಳಿರುತ್ತವೆ, ಜನರಿಗೆ ಪ್ರವೇಶ ಇಲ್ಲ.

ಹೆಚ್ಚು ಪ್ರಾಣಿಗಳನ್ನು ಹತ್ತಿರದಿಂದ ನೋಡುವ ಅವಕಾಶ ರಕ್ಷಣಾ ಕೇಂದ್ರದಲ್ಲೇ ಜಾಸ್ತಿ. ಆದರೆ ಅಲ್ಲಿನ ನಿಯಮ ಮನಸ್ಸಿಗೆ ಕಷ್ಟ. ನಾನು ಹೋದ ಬೇಸಿಗೆಯಲ್ಲಿ ಒಂದು ಅಳಿಲು ಮರಿ ನನ್ನ ಪಾಲಿಗೆ ಬಂತು. ಕಣ್ಣು ಬಿಟ್ಟಿರಲಿಲ್ಲ. ತೂಕ 31 ಗ್ರಾಂ. ಎರಡು ಮೂರು ಗಂಟೆಗೊಮ್ಮೆ ಸಿರಿಂಜಿನಲ್ಲಿ ಹನಿ ಹನಿ ಹಾಲು. ಡೇರಿ ಹಾಲಲ್ಲ, ಮರಿಗಳಿಗಾಗಿಯೇ ಮಾಡಿದ ಪುಡಿಯ ಹಾಲು. ಪ್ರತಿದಿನ ತೂಕ ಬರೆಯಬೇಕು. ಮಾತಾಡಿಸುವಂತಿಲ್ಲ, ಹೆಸರಿಡುವಂತಿಲ್ಲ, ಅಂಗೈಯಲ್ಲಿ ಸುಮ್ನೆ ಇಟ್ಟುಕೊಳ್ಳುವಂತಿಲ್ಲ. ಕಣ್ಣು ಬಿಟ್ಟ ಮೇಲೆ ಹಾಲು ಬಿಡಿಸಿ, ದೊಡ್ಡ ಗೂಡಿಗೆ ಹಾಕಿ, ನಾವು ಹತ್ತಿರ ಹೋಗುವುದನ್ನೇ ಕಡಿಮೆ ಮಾಡಿದೆವು. ಒಂದು ದಿನ ನಾನು ನೀರಿಡಲು ಹೋದಾಗ ಅದು ನನ್ನನ್ನು ಕಂಡು ಕಿರುಚಿ ಗೂಡಿನೊಳಗೆ ಓಡಿ ಅವಿತುಕೊಂಡಿತು. ಡಾಕ್ಟರ್ ಅದನ್ನು ನೋಡಿ, "ಹಾಂ, ಈಗ ಬಿಡಬಹುದು," ಅಂದರು.

ಈ ಸಾಲು ಓದಿ ನಿಮಗೆ ಸಂತೋಷ ಆಯಿತಾ, ಸಂಕಟ ಆಯಿತಾ? ಸಂತೋಷ ಆಗಿದ್ದರೆ ರಕ್ಷಣಾ ಕೇಂದ್ರಕ್ಕೆ ಹೋಗಿ. ಸಂಕಟವೇ ಜಾಸ್ತಿ ಆಗಿದ್ದರೆ ಸಣ್ಣ ಜೂ ಒಳ್ಳೆಯದು. ಅಲ್ಲಿ ಅದೇ ಪ್ರಾಣಿಯನ್ನು ವರ್ಷಗಟ್ಟಲೆ ನೋಡಬಹುದು.

ಸಾವಿನ ಲೆಕ್ಕವೂ ಬೇರೆ. ರಕ್ಷಣಾ ಕೇಂದ್ರದಲ್ಲಿ ಸಾವು ಪದೇ ಪದೇ ಬರುತ್ತದೆ, ಕೆಲವು ದಿನ ಬೆಳಗ್ಗೆ ಎರಡು, ಸಂಜೆ ಒಂದು. ಮೃಗಾಲಯದಲ್ಲಿ ಅಪರೂಪ, ಆದರೆ ಹೋದದ್ದು ಎಂಟು ತಿಂಗಳಿಂದ ನಿಮ್ಮ ಕೈಯಡುಗೆ ತಿಂದ ಪ್ರಾಣಿಯಾಗಿರುತ್ತದೆ. ಯಾವುದು ಹಗುರ ಅಂತ ನಾನು ಹೇಳಲಾರೆ.

ಸಮಯದ ವಿಷಯಕ್ಕೆ ಬಂದರೆ, ರಕ್ಷಣಾ ಕೇಂದ್ರಕ್ಕೆ ಒಂದೇ ಸಲಕ್ಕೆ ತುಂಬಾ ದಿನ ಕೊಡುವವರು ಬೇಕು. ಒಂದು ತಿಂಗಳು ರಜೆ ಇರುವ ವಿದ್ಯಾರ್ಥಿಗೆ ಅದು ಸರಿ. ವಾರಕ್ಕೊಂದು ದಿನವಾದರೂ ವರ್ಷವಿಡೀ ತಪ್ಪದೆ ಬರುವವರಿಗೆ ಸಣ್ಣ ಜೂ ಸರಿ.

ಉಳಿದ ದಾರಿಗಳು

ದೊಡ್ಡ ಜೂ: ಮೈಸೂರು ಮೃಗಾಲಯ 1892ರಲ್ಲಿ ಶುರುವಾದದ್ದು. ಅಲ್ಲಿ ವಿದ್ಯಾರ್ಥಿಗಳಿಗೆ ಯೂತ್ ಕ್ಲಬ್ ಇದೆ, ಬೇಸಿಗೆ ಶಿಬಿರ ಇದೆ. ಪಾಠ, ಓಡಾಟ, ತಜ್ಞರ ಮಾತು ಎಲ್ಲ ಇರುತ್ತದೆ. ಹೈಸ್ಕೂಲ್ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಇದು ಕಲಿಕೆ. ಪಾಲಕರ ಬೆನ್ನಹಿಂದೆ ದಿನವಿಡೀ ದುಡಿಯುವ ಕೆಲಸ ಬೇಕು ಅನ್ನುವವರಿಗೆ ಸಣ್ಣ ಜಾಗವೇ ಬೇಕು.

ನಾಯಿ ಆಶ್ರಯಧಾಮ, ಗೋಶಾಲೆ: ಮುಟ್ಟಬೇಕು, ಮೈ ಸವರಬೇಕು, ಅದು ಬಾಲ ಅಲ್ಲಾಡಿಸಬೇಕು ಅಂತ ಆಸೆ ಇದ್ದರೆ ನೇರ ಇಲ್ಲಿಗೆ ಬನ್ನಿ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಇಲ್ಲಿ ಅರ್ಜಿ, ಅನುಮತಿಯ ತಾಪತ್ರಯ ಕಡಿಮೆ, ಕೈಗಳ ಕೊರತೆ ಯಾವಾಗಲೂ ಇರುತ್ತದೆ. ಭಾನುವಾರ ಮಾತ್ರ ಬಿಡುವಿರುವವರಿಗೂ ಕೆಲಸ ಸಿಗುತ್ತದೆ.

ದತ್ತು: ಸಮಯವೇ ಇಲ್ಲ, ಮನಸ್ಸು ಮಾತ್ರ ಇದೆ ಅನ್ನುವವರು ಮೃಗಾಲಯದ ಪ್ರಾಣಿಯನ್ನು ದತ್ತು ತೆಗೆದುಕೊಳ್ಳಬಹುದು. ಮನೆಗೆ ತರುವುದಲ್ಲ, ಇಷ್ಟು ಅವಧಿಗೆ ಅಂತ ಅದರ ಊಟದ ಖರ್ಚು ಕೊಡುವುದು. ಸಣ್ಣ ಹಕ್ಕಿಯಿಂದ ಹಿಡಿದು ಆನೆವರೆಗೆ ಬೇರೆ ಬೇರೆ ಮೊತ್ತ ಇದೆ. ಲಾಕ್‌ಡೌನ್‌ನಲ್ಲಿ ಟಿಕೆಟ್ ದುಡ್ಡೇ ನಿಂತುಹೋದಾಗ ಎಷ್ಟೋ ಜನ ಹೀಗೆ ಮುಂದೆ ಬಂದರು. ನನ್ನದೊಂದು ಕೋರಿಕೆ: ಮೈಸೂರು, ಬನ್ನೇರುಘಟ್ಟಕ್ಕೆ ಕೊಡುವವರು ಬಹಳ ಇದ್ದಾರೆ. ನಿಮ್ಮ ಜಿಲ್ಲೆಯ ಚಿಕ್ಕ ಜೂಗೆ ಕೊಡಿ. ಸಿಂಹವೇ ಬೇಕು ಅಂತಿಲ್ಲ, ನರಿಗೂ ಮುಳ್ಳುಹಂದಿಗೂ ಹಸಿವಾಗುತ್ತದೆ.

ಇನ್ನು ದುಡ್ಡು ತಗೊಂಡು ಮರಿಗಳನ್ನು ತಬ್ಬಿಕೊಳ್ಳಲು, ಫೋಟೊ ತೆಗೆಸಿಕೊಳ್ಳಲು ಬಿಡುವ ಜಾಗಗಳು. ವಿದೇಶದಲ್ಲಿರುವ ನಮ್ಮವರು ಇಂಥ ಜಾಹೀರಾತು ಕಳಿಸಿ ಹೇಗಿದೆ ಅಂತ ಕೇಳುತ್ತಾರೆ. ಬೇಡ. ಮರಿ ಕೈಯಿಂದ ಕೈಗೆ ಹೋಗಬೇಕಾದರೆ ಅದನ್ನು ತಾಯಿಯಿಂದ ಬೇಗ ಬಿಡಿಸಿರಲೇಬೇಕು. ಊರಲ್ಲೂ ಅಷ್ಟೇ. ಕೇಂದ್ರೀಯ ಪ್ರಾಧಿಕಾರದ ಮಾನ್ಯತೆ ಇಲ್ಲದೆ ಯಾರೂ ಮೃಗಾಲಯ ನಡೆಸುವಂತಿಲ್ಲ. ಖಾಸಗಿ ಜಾಗ ಆದರೆ ಮೊದಲು ಮಾನ್ಯತೆ ಇದೆಯಾ ಕೇಳಿ.

ಒಳ್ಳೆಯ ಜಾಗ ಅಂತ ಹೇಗೆ ಗೊತ್ತಾಗುತ್ತದೆ?

ಬೀಗದ ಕೈ ನೋಡಿ. ಮೊದಲ ವಾರವೇ ನಿಮ್ಮ ಕೈಗೆ ಬೀಗದ ಕೈ ಕೊಟ್ಟರೆ ಆ ಜಾಗ ಬಿಟ್ಟು ಬನ್ನಿ. ನನಗೆ ಹದಿನಾಲ್ಕು ತಿಂಗಳಲ್ಲಿ ಹಕ್ಕಿಮನೆಯದ್ದು ಬಿಟ್ಟು ಇನ್ಯಾವ ಬೀಗವನ್ನೂ ಮುಟ್ಟಲು ಬಿಡಲಿಲ್ಲ. ಅದು ಅವರು ನನ್ನನ್ನು ಕಾಪಾಡಿದ ರೀತಿ.

ಕಾಲ ಕೆಳಗೂ ನೋಡಿ. ಅಂಗಳದ ಬಾಗಿಲಲ್ಲಿ ನೇರಳೆ ಬಣ್ಣದ ನೀರಿನ ಸಣ್ಣ ತೊಟ್ಟಿ ಇರಬೇಕು, ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿದ್ದು. ಕಾಲು ಅದ್ದಿಯೇ ಒಳಗೆ ಹೋಗಬೇಕು. ಇದು ಬರೀ ಶಾಸ್ತ್ರಕ್ಕಲ್ಲ, ಆದರೆ ಇದೊಂದೇ ಸಾಲದು. 2023ರಲ್ಲಿ ಬನ್ನೇರುಘಟ್ಟದಲ್ಲಿ ಏಳು ಚಿರತೆ ಮರಿಗಳು ಬೆಕ್ಕುಗಳಿಗೆ ಬರುವ ಪ್ಯಾನ್‌ಲ್ಯೂಕೋಪೀನಿಯಾ ಅನ್ನೋ ವೈರಸ್‌ನಿಂದ ಸತ್ತವು. ಈ ವೈರಸ್ ಗಟ್ಟಿ, ಬಟ್ಟೆ ಪಾದರಕ್ಷೆಗಳಲ್ಲಿ ಬಹಳ ದಿನ ಉಳಿಯುತ್ತದೆ, ಪರ್ಮಾಂಗನೇಟಿನಂಥ ನೀರಿಗೆಲ್ಲ ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೇ ಮನೆಯಲ್ಲಿ ಬೆಕ್ಕು, ನಾಯಿ, ಕೋಳಿ ಇದ್ದರೆ ಮೊದಲೇ ಹೇಳಿ. ಜೂಗೆ ಅಂತಲೇ ಬೇರೆ ಬೂಟು, ಬೇರೆ ಬಟ್ಟೆ ಇಟ್ಟುಕೊಳ್ಳಿ. ಅವನ್ನು ಅಲ್ಲೇ ಬಿಟ್ಟು ಬನ್ನಿ.

ಮೂರನೆಯದು, ಪಾಲಕರನ್ನು ಅಲ್ಲಿನವರು ಹೇಗೆ ನಡೆಸಿಕೊಳ್ಳುತ್ತಾರೆ. ಪಾಲಕರಲ್ಲಿ ಎಷ್ಟೋ ಜನ ಹೊರಗುತ್ತಿಗೆಯವರು. ದಿನಾ ಹುಲಿ ಪಕ್ಕದಲ್ಲಿ ಕೆಲಸ, ಕೈಗೆ ಬರುವ ಸಂಬಳ ಕಡಿಮೆ. ನೀವು ಬಿಟ್ಟಿ ಸಿಗುತ್ತೀರಿ ಅಂತ ಅವರಲ್ಲಿ ಒಬ್ಬರನ್ನು ಕಡಿಮೆ ಮಾಡುವ ಜಾಗಕ್ಕೆ ದಯವಿಟ್ಟು ಹೋಗಬೇಡಿ. ಹೋದ ಕಡೆ ಅವರನ್ನು ಅಣ್ಣ, ಅಕ್ಕ ಅಂತ ಕರೆಯಿರಿ, ಬಹುವಚನದಲ್ಲಿ ಮಾತಾಡಿ, ಅವರು ಬೇಡ ಅಂದದ್ದನ್ನು ಯಾಕೆ ಅಂತ ಆಮೇಲೆ ಕೇಳಿ.

ಸೇರುವ ಮುಂಚೆ

ರೇಬೀಸ್ ಮುಂಜಾಗ್ರತೆಯ ಚುಚ್ಚುಮದ್ದು ಹಾಕಿಸಿಕೊಳ್ಳಿ. ಸಾಮಾನ್ಯವಾಗಿ ಮೊದಲ ದಿನ, ಏಳನೇ ದಿನ, ಆಮೇಲೆ 21 ಅಥವಾ 28ನೇ ದಿನ ಕೊಡುತ್ತಾರೆ. ಇದಾದ ಮೇಲೂ ಏನಾದರೂ ಕಚ್ಚಿದರೆ ಗಾಯವನ್ನು ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು, ಮತ್ತೆ ಡೋಸ್ ಬೇಕಾಗುತ್ತದೆ. ಟಿಟಿ ಇಂಜೆಕ್ಷನ್ ಹಳೆಯದಾಗಿದ್ದರೆ ಹೊಸದು ಹಾಕಿಸಿ. ಕ್ಷಯ ಇಲ್ಲ ಅಂತ ಎಕ್ಸ್‌ರೇ ಮಾಡಿಸಿ, ನಿಮ್ಮಿಂದ ಪ್ರಾಣಿಗೆ ಹೋಗಬಾರದಲ್ವಾ? ಕಾಲಲ್ಲಿ ಗಾಯ ಇರುವ ದಿನ ನಿಂತ ನೀರಿಗೆ ಇಳಿಯಬೇಡಿ, ಇಲಿಜ್ವರ ಹಾಗೇ ಬರುತ್ತದೆ. ಗರ್ಭಿಣಿಯರು ಡಾಕ್ಟರನ್ನು ಕೇಳದೆ ಹೋಗಲೇಬೇಡಿ.

ಸಣ್ಣ ಜೂಗಳಲ್ಲಿ ಸ್ವಯಂಸೇವಕರಿಗೆ ಅಂತ ತಯಾರಾದ ಅರ್ಜಿ ನಮೂನೆ ಇರುವುದು ಅಪರೂಪ. ನೀವೇ ಒಂದು ಪುಟದ ಪತ್ರ ಬರೆಯಿರಿ, ಕನ್ನಡದಲ್ಲೇ. ಮೃಗಾಲಯದ ಕಾರ್ಯನಿರ್ವಾಹಕ ನಿರ್ದೇಶಕರಿಗೆ ಅಥವಾ ಅಲ್ಲಿನ ವಲಯ ಅರಣ್ಯಾಧಿಕಾರಿಗೆ. "ಪ್ರಾಣಿ ಅಂದ್ರೆ ಇಷ್ಟ" ಅನ್ನೋದನ್ನು ಒಂದು ಸಾಲಿಗೆ ಮುಗಿಸಿ. ವಾರದ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಎಷ್ಟು ತಿಂಗಳು ಅನ್ನೋದನ್ನು ಬಿಡಿಸಿ ಬರೆಯಿರಿ. ಚುಚ್ಚುಮದ್ದಿನ ಚೀಟಿ, ಆಧಾರ್ ಪ್ರತಿ ಜೊತೆಗಿಡಿ. ಹದಿನೆಂಟು ಆಗದವರು ಅಪ್ಪ ಅಮ್ಮನ ಒಪ್ಪಿಗೆ ಪತ್ರ ಸೇರಿಸಿ. ಕೆಲಸದ ಸಮಯದಲ್ಲಿ ಫೋಟೊ ತೆಗೆಯುವುದಿಲ್ಲ, ಒಳಗಿನ ಸುದ್ದಿ ಹೊರಗೆ ಹಾಕುವುದಿಲ್ಲ ಅಂತಲೂ ಬರೆದರೆ ಅವರಿಗೆ ಅರ್ಧ ಆತಂಕ ಕಡಿಮೆಯಾಗುತ್ತದೆ. ಪತ್ರ ಅಂಚೆಯಲ್ಲಿ ಹಾಕಿ ಕಾಯಬೇಡಿ, ಕೈಯಾರೆ ಕೊಟ್ಟು ಬನ್ನಿ. ಎರಡು ವಾರ ಬಿಟ್ಟು ಮತ್ತೆ ಹೋಗಿ. ನಾನು ಮೂರನೇ ಸಲ ಹೋದಾಗ ಒಪ್ಪಿದರು.

ಯಾವ ದಿನ ಕೇಳಬೇಕು ಅನ್ನೋದಕ್ಕೆ ಒಂದು ಗುಟ್ಟಿದೆ. ಎಲ್ಲರೂ ಭಾನುವಾರ ಕೇಳುತ್ತಾರೆ. ಭಾನುವಾರ ಜನಜಂಗುಳಿ, ಪಾಲಕರಿಗೆ ಕಲಿಸಲು ಪುರುಸೊತ್ತಿರುವುದಿಲ್ಲ. ಮೃಗಾಲಯಗಳಿಗೆ ವಾರಕ್ಕೊಂದು ದಿನ ರಜೆ ಇರುತ್ತದೆ, ಮೈಸೂರು, ಬನ್ನೇರುಘಟ್ಟದಲ್ಲಿ ಅದು ಮಂಗಳವಾರ. ಜನಕ್ಕೆ ರಜೆ ಅಷ್ಟೇ. ಒಳಗೆ ಅವತ್ತೇ ತೊಟ್ಟಿ ಖಾಲಿ ಮಾಡಿ ಉಜ್ಜುವುದು, ಜಾಲರಿ ರಿಪೇರಿ, ಮರದ ದಿಮ್ಮಿ ಬದಲಿಸುವುದು ಎಲ್ಲ ನಡೆಯುತ್ತದೆ. ನಿಮಗೆ ಆ ದಿನ ಬಿಡುವು ಮಾಡಿಕೊಳ್ಳಲು ಆಗುತ್ತದೆ ಅಂದರೆ ಪತ್ರದ ಮೊದಲ ಸಾಲಲ್ಲೇ ಹೇಳಿ. ಗಮ್‌ಬೂಟು ಒಂದು ಸೈಜು ದೊಡ್ಡದು ತಗೊಳ್ಳಿ, ಒಳಗೆ ದಪ್ಪ ಕಾಲುಚೀಲ ಬೇಕಾಗುತ್ತದೆ.